ಕಾಪುವಿನಲ್ಲಿ ನಿಂತ ಮಾತು

ಆ ಶನಿವಾರ ಎರ್ಮಾಳಿನಲ್ಲಿ ಒಂದು ಮದುವೆ ಇತ್ತು. ಮೀನುಗಾರರ ಮನೆ. ಬೆಳಿಗ್ಗೆ ಭೋಜ ಅಂಗಳದ ತೆಂಗಿನ ಮರ ಹತ್ತಿ ಕೊಂಬು ಕಟ್ಟಿದ. ನಾನು ಚಪ್ಪರದ ಮೂಲೆಯಲ್ಲಿ ಬೆಂಚಿನ ಮೇಲೆ ಆಂಪ್ಲಿಫಯರ್ ಇಟ್ಟು ಬ್ಯಾಟರಿಗೆ ತಂತಿ ಸಿಕ್ಕಿಸಿದೆ. ಕೊಂಬು ಎಂದರೆ ಲೌಡ್‌ಸ್ಪೀಕರಿನ ದೊಡ್ಡ ಬಾಯಿ. ನಾವಿಬ್ಬರೂ ಅದನ್ನು ಹಾಗೆಯೇ ಕರೆಯುತ್ತಿದ್ದೆವು. ಮದುಮಗಳ ಅಜ್ಜಿ ಕೋಲೂರಿಕೊಂಡು ಬಂದು ಮರದ ಬುಡದಲ್ಲಿ ನಿಂತರು.

"ಏ ಮಗಾ, ಅದರ ಬಾಯಿ ಆಚೆ ತಿರುಗಿಸು. ಆ ಬಡಗು ಮನೆಯವಳು ಮದುವೆಗೆ ಬರುವುದಿಲ್ಲ ಅಂತ ಹೇಳಿದ್ದಾಳಂತೆ. ಬಾರದಿದ್ರೆ ಬೇಡ, ಕೇಳಲಿಕ್ಕಾದ್ರೂ ಕೇಳಲಿ."

"ಆಯ್ತು ಅಜ್ಜಿ," ಎಂದ ಭೋಜ ಮೇಲಿನಿಂದ. "ಅವರ ಕೋಳಿ ಇನ್ನು ಒಂದು ವಾರ ಮೊಟ್ಟೆ ಇಡುವುದಿಲ್ಲ, ನೋಡಿ."

ಮೊದಲ ರೆಕಾರ್ಡು ಗಣಪತಿಯದ್ದು. ಅದು ನಮ್ಮ ಕೆಲಸದ ಪದ್ಧತಿ. ಆಮೇಲೆ ಸಿನಿಮಾ ಹಾಡು, ಮುಹೂರ್ತಕ್ಕೆ ನಾಗಸ್ವರ. ಊಟ ಮಾಡಿ, ಸಾಮಾನು ಬಿಚ್ಚಿ, ಬಸ್ಸಿನ ಮೇಲೆ ಕೊಂಬು ಕಟ್ಟಿ ಉದ್ಯಾವರದ ನಮ್ಮ ಕೋಣೆಗೆ ಬಂದೆವು. ಬಸ್ಸಿನಲ್ಲಿ ಭೋಜ ಎದುರಿನ ಸೀಟಿನ ಕಂಬಿಗೆ ಹಣೆ ಕೊಟ್ಟು ನಿದ್ದೆ ಮಾಡಿದ. ಇಳಿಯುವಾಗ, "ನಾಳೆ ಕಾಪುವಿನಲ್ಲಿ ಮಾತಾಡ್ಲಿಕ್ಕುಂಟು. ಒಂದೇ ಕೊಂಬು ಸಾಕು," ಎಂದ. ನಾನು "ಆಗಲಿ" ಎಂದೆ. ಮಾಮೂಲಿನ ದಿನ ಎಂದು ನಾನು ನೆನಪಿಟ್ಟುಕೊಂಡ ಕೊನೆಯ ದಿನ ಅದು.

ಈಗ ಮೈಕಿನ ಕೆಲಸಕ್ಕೆ ಬರುವ ಹುಡುಗರು ಕೆಲವರು ನನ್ನನ್ನು ನೋಡಲು ಬರುತ್ತಾರೆ. ಆಗ ಹೇಗಿತ್ತು ಎಂದು ಕೇಳುತ್ತಾರೆ. ಆಂಪ್ಲಿಫಯರಿನ ಬಗ್ಗೆ, ವಾಲ್ವಿನ ಬಗ್ಗೆ ಹೇಳಿದರೆ ಅವರಿಗೆ ಖುಷಿ. ನನಗೆ ಅದರಲ್ಲಿ ಈಗ ಅಷ್ಟು ಉಮೇದು ಇಲ್ಲ. ಭೋಜ ಹೋದ ಮೇಲೆ ಯಾವ ಸಾಮಾನನ್ನು ನೋಡಿದರೂ ಅದನ್ನು ಎತ್ತುತ್ತಿದ್ದ ಇನ್ನೊಂದು ಕೈ ನೆನಪಾಗುತ್ತದೆ. ಆದರೂ ಕೇಳಿದವರಿಗೆ ಹೇಳಬೇಕು.

ನಾವು ಮೈಕಿನ ಸೆಟ್ಟು ತಂದ ಕಾಲದಲ್ಲಿ ಹಳ್ಳಿಗಳಿಗೆ ಕರೆಂಟು ಬಂದಿರಲಿಲ್ಲ. ಮೋಟಾರಿನ ಬ್ಯಾಟರಿಯಲ್ಲಿ ನಡೆಸಬೇಕು. ಬ್ಯಾಟರಿಯನ್ನು ಉಡುಪಿಗೆ ಒಯ್ದು ಚಾರ್ಜು ಮಾಡಿಸಿ, ಆಸಿಡ್ ಚೆಲ್ಲದ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ತರಬೇಕು. ನನ್ನ ಆಗಿನ ಯಾವ ಪ್ಯಾಂಟಿಗೂ ತೊಡೆಯ ಬಟ್ಟೆ ಇರಲಿಲ್ಲ. ಗುಂಡಿ ತಿರುಗಿಸಿದ ಕೂಡಲೇ ಸ್ವರ ಬರುವುದಿಲ್ಲ. ಒಳಗಿನ ಗಾಜಿನ ವಾಲ್ವು ಬಿಸಿಯಾಗಿ ಕೆಂಪಗಾಗಬೇಕು. ಅಲ್ಲಿಯವರೆಗೆ ಊರಿನ ದೊಡ್ಡ ಜನ ಮೈಕಿನ ಎದುರು ನಿಂತು "ಹಲೋ, ಹಲೋ" ಎಂದು ಸುಮ್ಮನೆ ಊದುತ್ತಿರುತ್ತಿದ್ದರು.

ಪದ್ಧತಿಯೂ ಒಮ್ಮೊಮ್ಮೆ ಕೈಕೊಡುತ್ತದೆ. ಬಜಗೋಳಿಯ ಆಚೆ ಒಂದು ಸಣ್ಣ ಇಗರ್ಜಿಯ ಹಬ್ಬಕ್ಕೆ ಸೆಟ್ಟು ಕೊಂಡುಹೋಗಿದ್ದೆವು. ನಾನು ಕ್ರಿಶ್ಚಿಯನ್. ಚಿಕ್ಕಂದಿನಿಂದ ಪ್ರತಿ ಭಾನುವಾರ ಪೂಜೆಗೆ ಹೋದವನು. ಅಂಥ ನಾನೇ ಅಭ್ಯಾಸಬಲದಿಂದ ಮೊದಲಿಗೆ ಗಣಪತಿಯ ರೆಕಾರ್ಡು ಹಾಕಿಬಿಟ್ಟೆ. ಶಿಲುಬೆಯ ಬದಿಗೆ ಕಟ್ಟಿದ ಕೊಂಬಿನಿಂದ ಗಣಪತಿಯ ಸ್ತುತಿ ಇಡೀ ಗುಡ್ಡಕ್ಕೆ ಕೇಳಿತು. ದೇವರನ್ನೇ ನಂಬದ ಭೋಜ ಹೊಟ್ಟೆ ಹಿಡಿದುಕೊಂಡು ನೆಲದಲ್ಲಿ ಕೂತ. ಪಾದ್ರಿಗಳು ಬಿಳಿ ನಿಲುವಂಗಿ ಎತ್ತಿಕೊಂಡು ಓಡಿ ಬಂದರು. ನನಗೆ ಜೀವ ಹೋದ ಹಾಗಾಯಿತು. ಅವರು ನಿಂತು ಉಸಿರು ತಿರುಗಿಸಿಕೊಂಡು, "ಪಾವ್ಲು, ಅವರು ಬಂದದ್ದು ಆಯ್ತಲ್ಲ, ಕೂರಿಸು. ಇನ್ನು ನಮ್ಮವರನ್ನೂ ಕರಿ ಮಾರಾಯ," ಎಂದರು.

ಎಲ್ಲರೂ ಅವರ ಹಾಗೆ ಇರಲಿಲ್ಲ.

ಭೋಜ ನನಗಿಂತ ಸ್ವಲ್ಪ ದೊಡ್ಡವ. ಮುಂಬಯಿಯಲ್ಲಿ ರೇಡಿಯೋ ರಿಪೇರಿ ಕಲಿತು ಬಂದಿದ್ದ. ಅಲ್ಲಿ ರಾತ್ರಿಶಾಲೆಯಲ್ಲಿ ಯಾರೋ ಒಬ್ಬರ ಮಾತು ಕೇಳಿ ದೇವರನ್ನು ಬಿಟ್ಟನಂತೆ. "ಬಿಟ್ಟದ್ದಲ್ಲ, ಹುಡುಕಿದೆ, ಸಿಕ್ಕಲಿಲ್ಲ" ಎನ್ನುತ್ತಿದ್ದ. ನಮಗೆ ಕೆಲಸ ಕೊಡುವವರೆಲ್ಲ ದೇವಸ್ಥಾನದವರು, ದೈವದ ಮನೆಯವರು, ಇಗರ್ಜಿಯವರು. ಕೊಂಬು ಕಟ್ಟುವಾಗ ಅವನು ಯಾವ ದೇವರಿಗೂ ಕಡಿಮೆ ಮಾಡಿದವನಲ್ಲ. ಆದರೆ ಕೆಲಸವಿಲ್ಲದ ಭಾನುವಾರ ಸಂಜೆ ಯಾವುದಾದರೂ ಪೇಟೆಯಲ್ಲಿ ಅದೇ ಸೆಟ್ಟು ಇಟ್ಟು ಒಂದು ಗಂಟೆ ಮಾತಾಡುತ್ತಿದ್ದ. ದೈವ ಮೈಮೇಲೆ ಬರುವುದು ಎಂದರೆ ಏನು, ಮಾರಿ ಬಂದಾಗ ಔಷಧ ಬಿಟ್ಟು ಹರಕೆ ಹೊರುವುದು ಯಾಕೆ, ಇಂಥದ್ದು. ಬೈಯುತ್ತಿರಲಿಲ್ಲ. ಕೇಳುತ್ತಿದ್ದ. ಬೈದಿದ್ದರೇ ಜನಕ್ಕೆ ಸುಲಭವಾಗುತ್ತಿತ್ತೋ ಏನೋ.

ಆಂಪ್ಲಿಫಯರಿನ ಹಿಂದೆ ನಾನು ಕೂರುತ್ತಿದ್ದೆ. ಸೆಟ್ಟು ಇಬ್ಬರದ್ದೂ. ಅವನು ಮೈಕಿನ ಮುಂದೆ ಇರುವಾಗ ಹಿಂದೆ ಇರಬೇಕಾದವನು ನಾನೇ.

ಒಂದು ದೇವಸ್ಥಾನದ ಮೊಕ್ತೇಸರರು, ನಮಗೆ ವರ್ಷವರ್ಷವೂ ಕೆಲಸ ಕೊಡುವವರು, ನಮ್ಮ ಕೋಣೆಗೇ ಬಂದರು. ಕೂರಲಿಲ್ಲ.

"ಭೋಜ, ನಂಬದಿದ್ರೆ ನಿನ್ನ ಮನೆಯಲ್ಲಿ ನಂಬಬೇಡ. ಯಾರು ಕೇಳಿದ್ರು? ಪೇಟೆಯಲ್ಲಿ ಮೈಕು ಇಟ್ಟು ಹೇಳುವುದು ಎಂತಕ್ಕೆ?"

"ನೀವೂ ನಿಮ್ಮ ಮನೆಯಲ್ಲಿ ನಂಬಿ ಧಣಿ. ತೆಂಗಿನ ಮರದ ಮೇಲೆ ಎಂತಕ್ಕೆ ಕಟ್ಟಿಸ್ತೀರಿ?"

"ಅದು ದೇವರ ನಾಮ. ಯಾರಿಗಾದ್ರೂ ನೋವಾಗ್ತದಾ?"

"ಬೆಳಿಗ್ಗೆಯಿಂದ ಸಂಜೆವರೆಗೆ ಊರಿಗೆಲ್ಲ ಕೇಳಿಸ್ತೀರಿ. ಕಟ್ಟಿದವನೇ ನಾನು, ನನಗೆ ಗೊತ್ತುಂಟು. ನಾನು ಒಂದು ಗಂಟೆ ಮಾತಾಡ್ತೇನೆ. ನೀವು ಕೊಂಬು ಇಳಿಸಿ, ನಾನೂ ಇಳಿಸ್ತೇನೆ."

ಮೊಕ್ತೇಸರರು ನನ್ನ ಕಡೆ ತಿರುಗಿದರು. "ಪೊರ್ಬುಗಳೇ, ನೀವಾದ್ರೂ ಹೇಳಿ. ನಿಮಗೂ ದೇವರುಂಟಲ್ವಾ?" ನಮ್ಮ ಊರಿನಲ್ಲಿ ತುಳುವರು ಕ್ರಿಶ್ಚಿಯನರನ್ನು ಪೊರ್ಬು ಎಂದೇ ಮಾತಾಡಿಸುವುದು. ನಾನು ಚಾ ತರಿಸಲೇ ಎಂದು ಕೇಳಿದೆ. ಅವರು ಹೊರಟುಹೋದರು. ಆ ವರ್ಷ ಅಲ್ಲಿನ ಕೆಲಸ ಬೇರೆ ಸೆಟ್ಟಿನವರಿಗೆ ಹೋಯಿತು. ಹೀಗೇ ನಡೆದರೆ ಸೆಟ್ಟು ಉಳಿಯುವುದಿಲ್ಲ ಎಂಬುದು ನನಗೂ ಗೊತ್ತಿತ್ತು, ಭೋಜನಿಗೂ ಗೊತ್ತಿತ್ತು. ಸೆಟ್ಟು ಹೋದರೆ ನಾವಿಬ್ಬರೂ ಒಟ್ಟಿಗೆ ಇರುವುದೂ ಹೋಗುತ್ತದೆ ಎಂದು ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಅವನು ದೈವದ ಬಗ್ಗೆ ಮಾತಾಡುವಾಗ ನಾನು ಜನರ ಜೊತೆ ನಗುತ್ತಿದ್ದೆ. ಕಾರ್ಕಳದಲ್ಲಿ ಒಂದು ಸಂಜೆ ಅವನು ಸತ್ತವರಿಗಾಗಿ ನಾವು ಹಚ್ಚುವ ಮೊಂಬತ್ತಿಯ ಬಗ್ಗೆ ಮಾತಾಡಿದ. ಮಣ್ಣಿನ ಅಡಿಯಲ್ಲಿ ಇರುವವರಿಗೆ ಬೆಳಕು ಕಾಣುತ್ತದಾ ಎಂದು ಕೇಳಿದ. ನನ್ನ ತಾಯಿ ತೀರಿಹೋಗಿ ವರ್ಷವಾಗಿರಲಿಲ್ಲ. ಅಂದು ಬೆಳಿಗ್ಗೆ ಉದ್ಯಾವರದ ಸಿಮಿತ್ರಿಗೆ ಹೋಗಿ, ಅವಳ ಗೋರಿಯ ತಲೆಯ ಕಡೆ ಗಾಳಿಗೆ ಕೈ ಅಡ್ಡ ಹಿಡಿದು ನಾನೂ ಒಂದು ಹಚ್ಚಿ ಬಂದಿದ್ದೆ. ಜನ ನಕ್ಕರು. ನನಗೆ ಆ ನಗು ಕೇಳಿಸಿತು. ಬೇರೆ ದಿನಗಳಲ್ಲಿ ನಾನೂ ಅದೇ ನಗುವಿನ ಒಳಗೆ ಇದ್ದುದರಿಂದ ಕೇಳಿಸಿರಲಿಲ್ಲ.

ಬಸ್ಸಿಗೆ ಕಾಯುವಾಗ ಭೋಜ ಕೇಳಿದ, "ಬೇಜಾರಾಯ್ತಾ?"

"ಇಲ್ಲ."

"ಸುಳ್ಳು ಹೇಳ್ಬೇಡ ಪಾವ್ಲು. ನಿನ್ನ ಮುಖ ವಾಲ್ವಿನ ಹಾಗೆ ಕೆಂಪಾಗಿತ್ತು."

"ಗೊತ್ತಿದ್ದೂ ಎಂತಕ್ಕೆ ಹೇಳಿದಿ?"

ಅವನು ಬಗ್ಗಿ ಬ್ಯಾಟರಿಯ ಹಗ್ಗ ಬಿಗಿ ಮಾಡಿದ. "ನಿನ್ನದೊಂದು ಬಿಟ್ಟು ಬೇರೆಯವರದ್ದೆಲ್ಲ ಹೇಳಿದ್ರೆ ನಾನೆಂತ ಮನುಷ್ಯ ಮಾರಾಯ? ಅವರಿಗೂ ತಾಯಿ ಇರುವುದಿಲ್ವಾ?"

ಅದು ಸರಿ ಎಂದು ನನಗೆ ಅನಿಸಿತು. ಸರಿ ಎಂದು ಅನಿಸಿದರೂ ಬೇಜಾರು ಹಾಗೆಯೇ ಇತ್ತು.

ಇನ್ನೊಂದು ಪದ್ಧತಿ ಹೇಳಬೇಕು. ಅದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹತ್ತಿರದಲ್ಲಿ ಎಲ್ಲಿಯಾದರೂ ಸಾವು ಆದರೆ ಮೈಕು ನಿಲ್ಲಿಸಬೇಕು. ಆ ಮನೆಯಿಂದ ಒಬ್ಬರು ಬಂದು ಹೇಳುತ್ತಾರೆ. ಹೇಳಿದ ಕೂಡಲೇ ಹಾಡಿನ ಅರ್ಧದಲ್ಲಿದ್ದರೂ ಗುಂಡಿ ಕೆಳಗೆ. ಯಾರು, ಏನು, ಯಾವಾಗ ಎಂದು ಕೇಳುವ ಕ್ರಮ ಇಲ್ಲ. ಕಾರ್ಯಕ್ರಮದವರನ್ನು ಕೇಳುವ ಕ್ರಮವೂ ಇಲ್ಲ. ಒಮ್ಮೆ ಕಟಪಾಡಿಯ ಹತ್ತಿರ ಮದುಮಗನ ದಿಬ್ಬಣ ಗೇಟಿಗೆ ಬರುವಾಗಲೇ ಹೀಗಾಯಿತು. ಮದುಮಗ ಸದ್ದಿಲ್ಲದೆ, ಕಳ್ಳನ ಹಾಗೆ ಚಪ್ಪರದ ಒಳಗೆ ಬಂದ. ಯಾರೂ ನಮ್ಮನ್ನು ಒಂದು ಮಾತು ಅನ್ನಲಿಲ್ಲ. ಇದನ್ನು ನಮಗೆ ಯಾರೂ ಬರೆದುಕೊಟ್ಟಿರಲಿಲ್ಲ. ನಮ್ಮ ಕಡೆಯ ಎಲ್ಲ ಸೆಟ್ಟಿನವರೂ ಪಾಲಿಸುತ್ತಿದ್ದರು. ಭೋಜನೂ ಪಾಲಿಸುತ್ತಿದ್ದ.

ಎರ್ಮಾಳಿನ ಮದುವೆಯ ಮರುದಿನ ಕಾಪು ಪೇಟೆಯಲ್ಲಿ ಒಂದು ಅಂಗಡಿಯ ಮಾಡಿನ ತುದಿಗೆ ಕೊಂಬು ಕಟ್ಟಿದೆವು. ಸಂತೆಗೆ ಬಂದ ಜನ, ಬಸ್ಸಿಗೆ ಕಾಯುವ ಜನ, ಕಡಲಿನಿಂದ ಬಂದು ಚಾ ಕುಡಿಯುವ ಜನ ಸೇರಿದರು. ಹಿಂದಿನ ಓಣಿಯಲ್ಲಿ ಬಾಬು ಮೇಸ್ತ್ರಿಯವರ ಮನೆ. ಕಲ್ಲು ಕಟ್ಟುವ ಕೆಲಸದಲ್ಲಿ ಹೆಸರಾದವರು. ಆ ಸುತ್ತಿನ ದೇವಸ್ಥಾನದ ಪೌಳಿ, ಇಗರ್ಜಿಯ ಗೋಡೆ, ಮಸೀದಿಯ ಮೆಟ್ಟಿಲು ಎಲ್ಲ ಅವರ ಕೈಯದ್ದು. ಅವರು ಕಾಯಿಲೆಯಲ್ಲಿ ಮಲಗಿದ್ದಾರೆ ಎಂದು ಕೇಳಿದ್ದೆವು. ಅದಕ್ಕಾಗಿ ಕೊಂಬಿನ ಬಾಯಿಯನ್ನು ರಸ್ತೆಯ ಕಡೆಗೆ ತಿರುಗಿಸಿದ್ದೆವು. ಆದರೆ ಗಾಳಿ ಕಡಲಿನಿಂದ ಬೀಸುತ್ತಿತ್ತು. ಗಾಳಿ ಇರುವಾಗ ಕೊಂಬಿನ ಬಾಯಿ ಎಲ್ಲಿದ್ದರೂ ಒಂದೇ.

ಭೋಜ ಚೆನ್ನಾಗಿ ಮಾತಾಡಿದ. ಸಾವಿನ ನಂತರ ಏನೂ ಇಲ್ಲ ಎಂದು ಒಪ್ಪಿಕೊಂಡರೆ ಬದುಕಿರುವವರನ್ನು ಹೆಚ್ಚು ನೋಡಿಕೊಳ್ಳುತ್ತೇವೆ ಎಂಬ ಅರ್ಥದಲ್ಲಿ ಹೇಳುತ್ತಿದ್ದ. ಯಾರೋ ಕೂಗಿದರು, "ನಿನ್ನ ಹಿಂದೆ ಕೂತ ಪೊರ್ಬು ಎಂತ ಹೇಳ್ತಾರೆ, ಕೇಳು!" ಜನ ನಕ್ಕರು. ಭೋಜನೂ ನಕ್ಕ. ನನ್ನ ಕಡೆ ಒಮ್ಮೆ ತಿರುಗಿ ನೋಡಿ, ಪುನಃ ಮೈಕಿಗೆ ಬಾಯಿ ಕೊಟ್ಟ.

"ಕೇಳಿದಿರಲ್ಲ, ಹೇಳ್ತೇನೆ. ಕಾರ್ಕಳದಲ್ಲಿ ನಾನು ಮಾತಾಡಿದ್ದಕ್ಕೆ ಪಾವ್ಲುವಿಗೆ ಬೇಜಾರಾಗಿದೆ. ಅವನು ಹೇಳಲಿಲ್ಲ, ನನಗೆ ಗೊತ್ತಾಗಿದೆ. ಅವನ ನಂಬಿಕೆ ಬೇರೆ, ನನ್ನದು ಬೇರೆ. ಆದರೂ ಅವನು ಮೊಂಬತ್ತಿ ಹಚ್ಚುವುದನ್ನು ನಾನು..."

ಆ ಹೊತ್ತಿಗೇ ಬಾಬು ಮೇಸ್ತ್ರಿಯವರ ಸೋದರಳಿಯ ದಾಮು ನನ್ನ ಭುಜ ಹಿಡಿದ. ಏದುಸಿರು ಬಿಡುತ್ತಿದ್ದ. "ಮಾಮ ಹೋದ್ರು. ನಿಲ್ಲಿಸಿ."

ನಾನು ಗುಂಡಿ ಕೆಳಗೆ ಮಾಡಿದೆ.

ಭೋಜನ ತುಟಿ ಅಲ್ಲಾಡುತ್ತಿತ್ತು, ಸ್ವರ ಇರಲಿಲ್ಲ. ಅವನು ತಿರುಗಿ ನನ್ನನ್ನು ನೋಡಿದ. ನಾನು ಪದ್ಧತಿಯಂತೆ ಎರಡು ಕೈ ಜೋಡಿಸಿ ತೋರಿಸಿದೆ, ಸಾವು ಎಂದು. ಅಷ್ಟರಲ್ಲಿ ಜನರ ನಡುವಿನಿಂದ ಯಾರೋ ಚಪ್ಪಾಳೆ ತಟ್ಟಿದರು. "ಸರಿಯಾಗಿ ಮಾಡಿದಿರಿ ಪೊರ್ಬುಗಳೇ!" ಎಂದರು. ಇನ್ನೂ ನಾಲ್ಕು ಜನ ತಟ್ಟಿದರು. ಭೋಜ ಮೈಕಿನ ಕಂಬವನ್ನು ಮಡಚಿ ಇಟ್ಟ.

ಕೊಂಬು ಬಿಚ್ಚಿ ಬಸ್ಸು ಹಿಡಿದೆವು. ಕೋಣೆಯಲ್ಲಿ ಸಾಮಾನು ಇಡುವಾಗ ಹೇಳಿದ, "ನಿನ್ನ ಹೆಸರು ನನ್ನ ಬಾಯಿಗೆ ಬರುವಾಗಲೇ ಸಾವೂ ಬಂತಾ?"

"ದಾಮು ಬಂದು ಹೇಳಿದ. ನೀನೂ ನೋಡಿದ್ದಿ."

"ಹೌದಾ ಅಂತ ಕೇಳಿದ್ಯಾ?"

"ಅದನ್ನು ಕೇಳ್ಲಿಕ್ಕಿಲ್ಲ. ನಿನಗೂ ಗೊತ್ತುಂಟು."

"ಅದೇ," ಎಂದ ಭೋಜ. "ಕೇಳ್ಲಿಕ್ಕಿಲ್ಲ."

ಮರುದಿನ ನಾನು ಬಾಬು ಮೇಸ್ತ್ರಿಯವರ ಮನೆಗೆ ಹೋದೆ. ಸಾವಾದ ಮನೆಗೆ ಹೋಗಿ ಬರುವುದು ಮರ್ಯಾದೆ. ಅಂಗಳದಲ್ಲಿ ಚಿತೆಗೆ ಮಾವಿನ ಕೊಂಬೆ ಕಡಿಯುತ್ತಿದ್ದರು. ಒಯ್ಯುವುದು ಇನ್ನೂ ಆಗಿರಲಿಲ್ಲ. ಇಷ್ಟು ತಡ ಯಾಕೆ ಎಂದು ಒಬ್ಬರನ್ನು ಕೇಳಿದೆ. "ತಡ ಎಲ್ಲಿ ಮಾರಾಯ್ರೇ, ಇವತ್ತು ಬೆಳಗಾಗುವಾಗಲ್ವಾ ಹೋದದ್ದು," ಎಂದರು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ.

ಕೆಲವು ವಾರದ ನಂತರ ಮೇಸ್ತ್ರಿಯವರ ಹೆಂಡತಿ ರುಕ್ಕಕ್ಕ ಇರುವಾಗ ಪುನಃ ಹೋದೆ. ದಾಮುವನ್ನು ದೂರಲು ಹೋದದ್ದಲ್ಲ. ನನಗೆ ತಿಳಿಯಬೇಕಾಗಿತ್ತು. ಆಕೆ ಬೆಲ್ಲ ನೀರು ಕೊಟ್ಟು, ಬಾಗಿಲಿನ ಹೊಸ್ತಿಲ ಒಳಗೆ ಕೂತರು.

"ನಾನೇ ಕಳಿಸಿದ್ದು ಅವನನ್ನು. ಸ್ವಲ್ಪ ಸಣ್ಣ ಮಾಡ್ಲಿಕ್ಕೆ ಹೇಳಿ ಬಾ ಅಂದೆ. ನಿಲ್ಲಿಸ್ಲಿಕ್ಕೆ ಹೇಳಲಿಲ್ಲ. ಅವನು ಹೋಗಿ ಹಾಗೆ ಹೇಳಿದ್ದಾನೆ, ಅನಿಷ್ಟ."

"ಮೇಸ್ತ್ರಿಯವರಿಗೆ ತೊಂದರೆ ಆಗ್ತಿತ್ತಾ?"

"ಅವರಿಗೆ ಎಂತ ತೊಂದರೆ? ಕಿಟಕಿ ತೆರೆ ಅಂದದ್ದೇ ಅವರು. ಈ ಜನ ಒಳ್ಳೆ ಮಾತಾಡ್ತದೆ, ಕೇಳು ಅಂದ್ರು. ತೊಂದರೆ ಆದದ್ದು ನನಗೆ. ಗಂಡ ಹೋಗ್ಲಿಕ್ಕೆ ಹೊರಟಿದ್ದಾರೆ, ಆಚೆ ಎಂತದೂ ಇಲ್ಲ ಅಂತ ಆ ಕೊಂಬಿನಲ್ಲಿ ಕೂಗ್ತಾ ಉಂಟು. ಇವರು ತಲೆ ಆಡಿಸ್ತಾ ಇದ್ದಾರೆ. ನನಗೆ ಹೇಗಾಗಬೇಡ, ಹೇಳಿ ಪೊರ್ಬುಗಳೇ?"

ನಾನು ಲೋಟ ಕೆಳಗೆ ಇಟ್ಟೆ.

"ನಿಂತ ಮೇಲೆ, ಯಾಕೆ ನಿಂತಿತು ಅಂತ ಕೇಳಿದ್ರು. ಬ್ಯಾಟರಿ ಮುಗಿಯಿತು ಅಂದೆ. ಛೆ, ಅಂದ್ರು. ಮತ್ತೆ ಹೆಚ್ಚು ಮಾತಾಡ್ಲಿಲ್ಲ."

ಇದನ್ನೆಲ್ಲ ಭೋಜನಿಗೆ ಹೇಳಿದೆ. ಗೆದ್ದೆ ಎಂದು ಅವನು ಹೇಳುತ್ತಾನೆ ಎಂದುಕೊಂಡಿದ್ದೆ. ಅವನು ಒಂದು ವಾಲ್ವನ್ನು ಬಟ್ಟೆಯಿಂದ ಒರೆಸುತ್ತಾ ಕೂತಿದ್ದ. "ಕಿಟಕಿ ತೆರೆಯಲು ಹೇಳಿದ್ರಾ?" ಎಂದು ಕೇಳಿದ. ವಾಲ್ವನ್ನು ಪೆಟ್ಟಿಗೆಯಲ್ಲಿ ಇಟ್ಟು, "ಆ ಹೆಂಗಸಿಗೆ ಬೇಡ ಇತ್ತಾ?" ಎಂದು ಕೇಳಿದ. ಎರಡಕ್ಕೂ ಹೌದು ಎಂದೆ.

ಮುಂದಿನ ಭಾನುವಾರಗಳಲ್ಲಿ ಅವನು ಕೊಂಬು ಕೇಳಲಿಲ್ಲ. ಮಾತಾಡುವುದನ್ನು ಬಿಡಲಿಲ್ಲ. ಹೋಟೆಲಿನ ಬೆಂಚಿನಲ್ಲಿ, ಬಸ್ಸು ನಿಲ್ಲುವ ಕಟ್ಟೆಯಲ್ಲಿ, ಬರಿ ಬಾಯಿಯಲ್ಲಿ ಮಾತಾಡುತ್ತಿದ್ದ. "ಬೇಕಾದವರು ಹತ್ತಿರ ಬರಲಿ, ಬೇಡದವರು ಎದ್ದು ಹೋಗಲಿ" ಎಂದ. ನೀವು ಇಳಿಸಿ, ನಾನೂ ಇಳಿಸುತ್ತೇನೆ ಎಂದು ಮೊಕ್ತೇಸರರಿಗೆ ಹೇಳಿದ್ದವನು ಕೊನೆಗೆ ತಾನೊಬ್ಬನೇ ಇಳಿಸಿದ. ಅವರು ಇಳಿಸಲಿಲ್ಲ. ಎಲ್ಲ ಕಡೆ ಕರೆಂಟು ಬಂದ ಮೇಲೆ ಕೊಂಬುಗಳು ಹೆಚ್ಚಾದವು. ಕಟ್ಟಿದವನು ನಾನೇ.

ದೇವರನ್ನು ನಂಬದವರು ಬಹಿರಂಗವಾಗಿ ಹೇಳುವುದು ತಪ್ಪೇ ಎಂದು ನನ್ನನ್ನು ಈಗಲೂ ಕೆಲವರು ಕೇಳುತ್ತಾರೆ, ಭೋಜನ ಜೊತೆ ಇದ್ದವನೆಂದು. ಬಾಬು ಮೇಸ್ತ್ರಿಯವರಿಗೆ ಅದು ಬೇಕಾಗಿತ್ತು. ಅದೇ ಕೋಣೆಯಲ್ಲಿ ರುಕ್ಕಕ್ಕನಿಗೆ ಬೇಡವಾಗಿತ್ತು. ಕಿಟಕಿ ಒಂದೇ. ಇದಕ್ಕಿಂತ ಮುಂದೆ ನನ್ನ ತಲೆ ಹೋಗುವುದಿಲ್ಲ. ತಪ್ಪು ಎಂದು ಮಾತ್ರ ಹೇಳಲಾರೆ. ಹೇಳಬೇಡ ಎನ್ನುವುದಾದರೆ ನಾನು ಜೀವಮಾನವಿಡೀ ಮರ ಹತ್ತಿ ಕಟ್ಟಿದ್ದನ್ನೆಲ್ಲ ಮೊದಲು ಇಳಿಸಬೇಕು.

ಆಮೇಲೆ ಅವನು ಸೆಟ್ಟನ್ನು ನನಗೆ ಬಿಟ್ಟು ಕಾರ್ಕಳದಲ್ಲಿ ರೇಡಿಯೋ ರಿಪೇರಿಯ ಅಂಗಡಿ ಹಾಕಿದ. ಜಗಳ ಆಗಲಿಲ್ಲ. ತನ್ನ ಪಾಲಿಗೆ ಮೈಕನ್ನು ಮಾತ್ರ ತೆಗೆದುಕೊಂಡ. ಅದನ್ನು ಅಂಗಡಿಯ ಮೊಳೆಗೆ ತೂಗುಹಾಕಿದ್ದ. ಹೋದವರು ಯಾರಾದರೂ ಕೇಳಿದರೆ, "ಅದು ನನ್ನ ಮಾರಿಗುಡಿ, ಮುಟ್ಟಬೇಡಿ" ಎಂದು ತಮಾಷೆ ಮಾಡುತ್ತಿದ್ದ. ನಾನು ಬೇರೆ ಮೈಕು ತಂದೆ. ವಾಲ್ವು ಹೋಗಿ ಟ್ರಾನ್ಸಿಸ್ಟರು ಬಂತು. ಗುಂಡಿ ತಿರುಗಿಸಿದರೆ ಆ ಕ್ಷಣಕ್ಕೆ ಸ್ವರ. ಬಿಸಿಯಾಗಲು ಕಾಯುವಾಗ ನಾವಿಬ್ಬರೂ ಆಡುತ್ತಿದ್ದ ನಾಲ್ಕು ಮಾತಿಗೆ ಜಾಗ ಇಲ್ಲದ ಹಾಗಾಯಿತು. ಆಡಲು ಆಚೆ ಬದಿಯಲ್ಲಿ ಅವನೂ ಇರಲಿಲ್ಲ.

ಕಾರ್ಕಳಕ್ಕೆ ಹೋದಾಗಲೆಲ್ಲ ಅವನ ಅಂಗಡಿಗೆ ಹೋಗುತ್ತಿದ್ದೆ. ವರ್ಷಗಳು ಕಳೆದ ಮೇಲೆ ಒಮ್ಮೆ ಧೈರ್ಯ ಮಾಡಿ ಕೇಳಿದೆ.

"ಭೋಜ, ಆವತ್ತು ಕಾಪುವಿನಲ್ಲಿ ನೀನು ಎಂತ ಹೇಳುವವನಿದ್ದಿ?"

"ಯಾವತ್ತು?" ಎಂದ. ಗೊತ್ತಾಗಿತ್ತು ಅವನಿಗೆ.

"ನಾನು ಮೊಂಬತ್ತಿ ಹಚ್ಚುವುದನ್ನು ನೀನು... ಮತ್ತೆ ಎಂತ?"

ಅವನು ಕನ್ನಡಕ ತೆಗೆದು ಜೋರಾಗಿ ನಕ್ಕ. "ನೋಡು, ಮೈಕು ನನ್ನ ಹತ್ತಿರ ಉಂಟು. ಕೊಂಬು ನಿನ್ನ ಹತ್ತಿರ ಉಂಟು. ಅದನ್ನು ತೆಕ್ಕೊಂಡು ಬಾ, ಕಾಪುವಿಗೆ ಹೋಗುವ. ಅಲ್ಲಿ ನಿಂತದ್ದನ್ನು ಅಲ್ಲಿಯೇ ಹೇಳಿ ಮುಗಿಸ್ತೇನೆ."

"ಇಲ್ಲೇ ಹೇಳು ಮಾರಾಯ."

"ಇಲ್ಲಿ ಆಗುವುದಿಲ್ಲ. ಊರಿನ ಎದುರು ಹೇಳ್ಲಿಕ್ಕೆ ಹೊರಟ ಮಾತು ಅದು."

ಆಮೇಲೆ ಅದೊಂದು ಆಟದ ಹಾಗೆ ಆಯಿತು. ನಾನು ಬಾಗಿಲಿಗೆ ಬಂದ ಕೂಡಲೇ, "ಕೊಂಬು ತಂದಿದ್ಯಾ?" ಎಂದು ಕೇಳುತ್ತಿದ್ದ. ಬರುವ ಸಲ ತರುತ್ತೇನೆ ಎನ್ನುತ್ತಿದ್ದೆ. ಇಬ್ಬರಿಗೂ ವಯಸ್ಸಾಯಿತು. ನಾನು ಕೆಲಸ ನಿಲ್ಲಿಸಿದೆ. ಹೊಸ ಸಾಮಾನು ಹುಡುಗರಿಗೆ ಹೋಯಿತು. ಹಳೆಯ ಒಂದು ಕೊಂಬು ಮಾತ್ರ ಅಟ್ಟದ ಮೇಲೆ ಉಳಿಯಿತು.

ಕಳೆದ ವರ್ಷ ಮಣಿಪಾಲದಲ್ಲಿ ಅವನನ್ನು ಮಲಗಿಸಿದ್ದಾಗ ನೋಡಲು ಹೋದೆ. ಮೂಗಿಗೆ ನಳಿಗೆ ಇತ್ತು. ಮಾತು ಬರುತ್ತಿರಲಿಲ್ಲ. ನನ್ನನ್ನು ಕಂಡು ಎರಡು ಕೈಯನ್ನು ಬಾಯಿಯ ಹತ್ತಿರ ಕೊಂಬಿನ ಹಾಗೆ ಹಿಡಿದು ಹುಬ್ಬು ಏರಿಸಿದ. ನಾನು ತಲೆ ಅಲ್ಲಾಡಿಸಿದೆ, ತರಲಿಲ್ಲ ಎಂದು.

ಯಾವ ಕ್ರಿಯೆಯೂ ಬೇಡ ಎಂದು ಅವನು ಮೊದಲೇ ಹೇಳಿದ್ದ. ಅವನು ತೀರಿಹೋದ ಮೇಲೆ ಅವನ ಹೆಂಡತಿ ಗಿರಿಜಕ್ಕ ಎಲ್ಲವನ್ನೂ ಮಾಡಿಸಿದರು. ನನ್ನ ಮುಖ ನೋಡಿ, "ಅವರಿಗೆ ಬೇಡ ಇತ್ತು, ಹೌದು. ಆದ್ರೆ ಇಲ್ಲಿ ಉಳಿದದ್ದು ನಾನು ಅಲ್ವಾ ಪೊರ್ಬುಗಳೇ?" ಎಂದರು. ರುಕ್ಕಕ್ಕನ ಎದುರು ಕೂತ ಹಾಗೆಯೇ ಅವರ ಎದುರೂ ಕೂತೆ. ಹೊರಡುವಾಗ ಅವರು ಮೊಳೆಯಿಂದ ಮೈಕನ್ನು ತೆಗೆದು, ಸೆರಗಿನಲ್ಲಿ ಧೂಳು ಒರೆಸಿ ನನ್ನ ಕೈಗೆ ಕೊಟ್ಟರು.

ಭಾನುವಾರ ತಾಯಿಯ ಗೋರಿಯ ಹತ್ತಿರ ಮೊಂಬತ್ತಿ ಹಚ್ಚಿದ ಮೇಲೆ ಇನ್ನೊಂದು ಮೊಂಬತ್ತಿ ಕೈಯಲ್ಲಿ ಉಳಿಯುತ್ತದೆ. ಅದನ್ನು ಅವನ ಹೆಸರಿನಲ್ಲಿ ಹಚ್ಚಬಹುದೋ ಬಾರದೋ ನನಗೆ ತಿಳಿಯುವುದಿಲ್ಲ. ಕಿಸೆಯಲ್ಲಿ ಹಾಕಿಕೊಂಡು ಬರುತ್ತೇನೆ.

ಈಗ ಮೈಕೂ ಕೊಂಬೂ ನನ್ನ ಮನೆಯಲ್ಲೇ ಉಂಟು. ಆ ಮಾತಿನ ಉಳಿದ ಭಾಗ ಇಲ್ಲ.